ಓವನ್ನಿನ ಪಾಕವೈಷಮ್ಯ: ಕತಾರಿನ ಕನ್ನಡ ಮನೆಗಳಲ್ಲಿ ಅದರ ಕಾರಣಗಳೂ ಪರಿಹಾರಗಳೂ

ಒಂದೇ ಹಿಟ್ಟಿನಿಂದ, ಒಂದೇ ತಟ್ಟೆಯಲ್ಲಿ, ಒಂದೇ ಕಾಲಾವಧಿಯಲ್ಲಿ ಬೆಂದ ಪದಾರ್ಥದ ಒಂದು ಪಾರ್ಶ್ವ ಸೀದುಹೋಗಿ ಇನ್ನೊಂದು ಪಾರ್ಶ್ವ ಬಿಳಿಚಿಕೊಂಡಿರುವುದು, ತಳ ಹಿಡಿದು ಮೇಲ್ಭಾಗ ಹಸಿಯಾಗಿಯೇ ಉಳಿಯುವುದು, ಅಂಚು ಒಣಗಿ ನಡುಭಾಗ ಕುಸಿಯುವುದು, ಕೇಕು ಒಂದು ಕಡೆಗೆ ವಾಲಿಕೊಂಡು ಉಬ್ಬುವುದು, ಗೃಹ ಓವನ್ನುಗಳಲ್ಲಿ ಪದೇ ಪದೇ ಕಾಣಬರುವ ಇಂಥ ದೋಷಗಳ ಸಮುದಾಯವನ್ನು ಈ ಲೇಖನದಲ್ಲಿ ಪಾಕವೈಷಮ್ಯವೆಂದು ಕರೆಯಲಾಗಿದೆ. ಈ ದೋಷ ತಲೆದೋರಿದಾಗ ಮನೆಮಂದಿ ಮೊದಲು ದೂರುವುದು ಅಡುಗೆಯವರ ಕೈಗುಣವನ್ನು, ಅನಂತರ ಹಿಟ್ಟನ್ನು, ಕಟ್ಟಕಡೆಗೆ ಓವನ್ನನ್ನು; ವಸ್ತುತಃ ಪರೀಕ್ಷೆ ನಡೆಯಬೇಕಾದದ್ದು ಇದಕ್ಕೆ ನೇರವಾಗಿ ವಿರುದ್ಧವಾದ ಕ್ರಮದಲ್ಲಿ. ಬೆಂದ ಪದಾರ್ಥದ ಮೇಲಿನ ಬಣ್ಣವು ಶಾಖ ಎಲ್ಲಿಂದ ಬಂತು, ಎಷ್ಟು ಬಂತು, ಎಲ್ಲಿ ಬರಲಿಲ್ಲ ಎಂಬುದನ್ನು ಯಥಾವತ್ತಾಗಿ ಬರೆದಿಟ್ಟ ದಾಖಲೆಯಾದ್ದರಿಂದ, ಅದನ್ನು ಓದಬಲ್ಲವರಿಗೆ ಓವನ್ನಿನ ಆಂತರ್ಯವು ಬಹುಮಟ್ಟಿಗೆ ತಿಳಿದುಬರುತ್ತದೆ.

ಓವನ್ನಿನ ಶುಷ್ಕಪಾಕವು ಕನ್ನಡನಾಡಿನ ಗೃಹಸಂಪ್ರದಾಯಕ್ಕೆ ಮೂಲತಃ ಸೇರಿದ್ದಲ್ಲ. ನಮ್ಮ ಮನೆಗಳಲ್ಲಿ ಬೇಯಿಸುವುದೆಂದರೆ ನೀರಿನಲ್ಲಿ, ಹಬೆಯಲ್ಲಿ, ಎಣ್ಣೆಯಲ್ಲಿ ಅಥವಾ ಕಾವಲಿಯ ಮೇಲೆ. ಆದರೂ ಕರಾವಳಿಯ ಕ್ರೈಸ್ತ ಕುಟುಂಬಗಳಲ್ಲಿ ರವೆ ಮತ್ತು ತೆಂಗಿನಕಾಯಿಯ ಕೇಕನ್ನು ದಪ್ಪ ತಳದ ಪಾತ್ರೆಯಲ್ಲಿಟ್ಟು, ಕೆಳಗೆ ಮಂದವಾದ ಬೆಂಕಿಯನ್ನೂ ಮುಚ್ಚಳದ ಮೇಲೆ ಕೆಂಡವನ್ನೂ ಹರಡಿ ಬೇಯಿಸುವ ಪದ್ಧತಿ ಹಿಂದಿನಿಂದಲೂ ಉಂಟು. ಮೇಲಿನ ಕೆಂಡ ಕೆಳಗಿನ ಬೆಂಕಿಗಿಂತ ಹೆಚ್ಚಾಗಿರತಕ್ಕದ್ದೆಂಬ ಆ ಹಿರಿಯರ ತಿಳಿವಳಿಕೆಯಲ್ಲಿ ಪ್ರಸ್ತುತ ವಿಷಯದ ಅರ್ಧ ಶಾಸ್ತ್ರವೇ ಅಡಗಿದೆ. ನಗರಗಳಲ್ಲಿ ಬೇಕರಿಗಳ ಭಟ್ಟಿ ಬಂದಿತು. ಹಾಸನ ಸೀಮೆಯಿಂದ ಬಂದ ಎಚ್. ಎಸ್. ತಿರುಮಲಾಚಾರ್ ಅವರು ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ಆರಂಭಿಸಿದ ಬಿ. ಬಿ. ಬೇಕರಿಯಿಂದ ಮೊದಲುಗೊಂಡು ಅಯ್ಯಂಗಾರ್ ಬೇಕರಿಗಳ ಪರಂಪರೆಯೇ ಬೆಳೆಯಿತು. ಸೌದೆಯಿಂದ ಕಾದ ಇಟ್ಟಿಗೆಯ ಆ ಭಟ್ಟಿಗಳಲ್ಲಿ ಉಷ್ಣಮಾಪಕವಿಲ್ಲದಿದ್ದರೂ ಖಾರಾ ಬಿಸ್ಕತ್ತು, ಬೆಣ್ಣೆ ಬಿಸ್ಕತ್ತು, ಬ್ರೆಡ್ಡುಗಳು ಸಮವರ್ಣದಲ್ಲಿ ಬೆಂದು ಬರುತ್ತಿದ್ದುದಕ್ಕೆ ಕಾರಣ, ಟನ್ನುಗಟ್ಟಲೆ ಇಟ್ಟಿಗೆ ತನ್ನಲ್ಲಿ ಸಂಗ್ರಹಿಸಿಕೊಂಡ ಶಾಖವನ್ನು ಎಲ್ಲ ದಿಕ್ಕುಗಳಿಂದಲೂ ಸಾವಕಾಶವಾಗಿ ಹೊರಸೂಸುತ್ತಿದ್ದುದೇ ಆಗಿದೆ. ಗೃಹ ಓವನ್ ಎಂಬುದು ತೆಳುವಾದ ಉಕ್ಕಿನ ತಗಡಿನ ಪೆಟ್ಟಿಗೆ. ಅದರಲ್ಲಿ ಶಾಖದ ಸಂಚಯ ಅತ್ಯಲ್ಪ. ಬೆಂಕಿ ಹತ್ತಿದಾಗ ಬೇಗ ಕಾಯುತ್ತದೆ, ಬಾಗಿಲು ತೆರೆದಾಗ ಅಷ್ಟೇ ಬೇಗ ತಣಿಯುತ್ತದೆ, ಮತ್ತು ಶಾಖದ ಮೂಲ ಯಾವ ಕಡೆಗಿದೆಯೋ ಆ ಕಡೆಯ ಪಕ್ಷಪಾತವನ್ನು ಎಂದಿಗೂ ಪೂರ್ಣವಾಗಿ ಬಿಡುವುದಿಲ್ಲ.

ಅನಿಲದ ಓವನ್ನನ್ನು ಇಂಗ್ಲೆಂಡಿನ ನಾರ್ಥ್ಯಾಂಪ್ಟನ್ನಿನಲ್ಲಿ ಜೇಮ್ಸ್ ಶಾರ್ಪ್ ಎಂಬಾತ 1826ರಲ್ಲಿಯೇ ನಿರ್ಮಿಸಿದ್ದರೂ, ಉಷ್ಣತೆಯನ್ನು ತಾನೇ ತಾನಾಗಿ ನಿಯಂತ್ರಿಸುವ ಥರ್ಮೋಸ್ಟಾಟು ಮನೆಯ ಒಲೆಗೆ ಬಂದು ಸೇರಲು ಸುಮಾರು ಒಂದು ಶತಮಾನವೇ ಹಿಡಿಯಿತು. 1923ರಲ್ಲಿ ರೇಡಿಯೇಷನ್ ಕಂಪನಿಯು ‘ರೆಗ್ಯುಲೊ’ ಎಂಬ ನಿಯಾಮಕವನ್ನು ಹೊರತಂದ ಮೇಲೆ ಕಾಲಕ್ರಮದಲ್ಲಿ ಬ್ರಿಟಿಷ್ ಪಾಕಗ್ರಂಥಗಳಲ್ಲಿ ‘ಗ್ಯಾಸ್ ಮಾರ್ಕ್’ ಎಂಬ ಕ್ರಮಾಂಕಗಳು ಬಳಕೆಗೆ ಬಂದುವು. ಆ ಕ್ರಮಾಂಕಗಳು, ಅಮೆರಿಕದ ಫ್ಯಾರನ್‌ಹೀಟ್, ಯೂರೋಪಿನ ಸೆಲ್ಸಿಯಸ್, ಈ ಮೂರೂ ಇಂದಿಗೂ ಏಕಕಾಲದಲ್ಲಿ ಚಲಾವಣೆಯಲ್ಲಿರುವುದು ವೈಷಮ್ಯಕ್ಕೆ ಒಂದು ಸಣ್ಣ ಆದರೆ ನಿತ್ಯದ ಕಾರಣ. ಗ್ಯಾಸ್ ಮಾರ್ಕ್ 4 ಎಂದರೂ 350 ಡಿಗ್ರಿ ಫ್ಯಾರನ್‌ಹೀಟ್ ಎಂದರೂ ಸುಮಾರು 177 ಡಿಗ್ರಿ ಸೆಲ್ಸಿಯಸ್. ವ್ಯವಹಾರದಲ್ಲಿ ಅದನ್ನು 180 ಎಂದು ಹಿಡಿಯುತ್ತಾರೆ.

ಕತಾರಿನಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ದಕ್ಷಿಣ ಕನ್ನಡ ಮತ್ತು ಉಡುಪಿ ಸೀಮೆಯವರ ಪಾಲು ಗಣನೀಯವಾದದ್ದು. ದೋಹಾದ ಮೆಸೈಮೀರ್ ಭಾಗದಲ್ಲಿ 2008ರಲ್ಲಿ ಅವರ್ ಲೇಡಿ ಆಫ್ ದ ರೋಸರಿ ಚರ್ಚು ತೆರೆದ ಮೇಲೆ ಅಲ್ಲಿನ ಮಂಗಳೂರು ಕ್ರೈಸ್ತರಿಗೂ ಕ್ರಿಸ್ಮಸ್ ಹಬ್ಬಕ್ಕೊಂದು ಆರಾಧನಾಕೇಂದ್ರ ದೊರೆಯಿತು. ಡಿಸೆಂಬರ್ 18ರ ಕತಾರಿನ ರಾಷ್ಟ್ರೀಯ ದಿನದ ರಜೆ ಹಬ್ಬಕ್ಕೆ ಒಂದು ವಾರ ಮುಂಚೆಯೇ ಬರುವುದರಿಂದ, ಕುಸ್ವಾರೆಂಬ ಹಬ್ಬದ ತಿಂಡಿಗಳ ಸಿದ್ಧತೆಗೂ ಪ್ಲಮ್ ಕೇಕಿಗೂ ಅದು ಅನುಕೂಲವಾದ ದಿನ. ಇನ್ನು ಮೊಟ್ಟೆ ಮುಟ್ಟದ ಮನೆಗಳಲ್ಲಿ ಮಕ್ಕಳ ಹುಟ್ಟುಹಬ್ಬಕ್ಕೆ ಮೊಸರು ಅಥವಾ ಕಂಡೆನ್ಸ್‌ಡ್ ಮಿಲ್ಕಿನ ಕೇಕು ವರ್ಷವಿಡೀ ನಡೆಯುತ್ತದೆ. ಈ ಮನೆಗಳಲ್ಲಿ ಬಹುಪಾಲು ಬಾಡಿಗೆಯವು. ಓವನ್ ಮನೆಯೊಡನೆ ಬಂದದ್ದು, ಹಿಂದಿನ ಬಾಡಿಗೆದಾರರು ಬಿಟ್ಟುಹೋದದ್ದು, ಅಥವಾ ಊರಿಗೆ ಮರಳುವವರಿಂದ ಕೊಂಡದ್ದು; ಅದರ ಕೈಪಿಡಿ ಕೈಸೇರುವುದು ಅಪೂರ್ವ. ತನ್ನದಲ್ಲದ ಓವನ್ನಿನ ಸ್ವಭಾವವನ್ನು ಕೈಪಿಡಿಯ ಸಹಾಯವಿಲ್ಲದೆ ಕಂಡುಕೊಳ್ಳಬೇಕಾದ ಈ ಸ್ಥಿತಿಯೇ ಪ್ರಸ್ತುತ ವಿಷಯಕ್ಕೆ ಇಲ್ಲಿ ವಿಶೇಷ ಮಹತ್ತ್ವವನ್ನು ತಂದಿದೆ.

ಓವನ್ನಿನೊಳಗೆ ಶಾಖವು ಮೂರು ಮಾರ್ಗಗಳಿಂದ ಪದಾರ್ಥವನ್ನು ಮುಟ್ಟುತ್ತದೆ: ಕಾದ ಗಾಳಿಯ ಚಲನೆಯಿಂದ, ಕಾದ ಗೋಡೆ ಮತ್ತು ತಂತಿಗಳ ವಿಕಿರಣದಿಂದ, ತಟ್ಟೆಯ ಲೋಹದ ವಹನದಿಂದ. ಗುಂಡಿಯ ಮೇಲಿನ ಅಂಕಿ ಇವುಗಳಲ್ಲಿ ಮೊದಲನೆಯದನ್ನು ಮಾತ್ರ, ಅದೂ ಓವನ್ನಿನ ಒಂದು ಮೂಲೆಯಲ್ಲಿ ಮಾತ್ರ, ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಸೂಚಕ ದೀಪ ಆರಿದ ತತ್ಕ್ಷಣ ಗಾಳಿ ಕಾದಿರುವುದೇ ಹೊರತು ಗೋಡೆಗಳು ಕಾದಿರುವುದಿಲ್ಲ. ಆಗಲೇ ಕೇಕನ್ನು ಒಳಗಿಟ್ಟು ಬಾಗಿಲು ಮುಚ್ಚಿದರೆ ಹೊರನುಗ್ಗಿದ ಶಾಖವನ್ನು ತುಂಬಿಕೊಳ್ಳಲು ಬೆಂಕಿ ಪೂರ್ಣವೇಗದಲ್ಲಿ ಉರಿಯತೊಡಗಿ, ಬೆಂಕಿಗೆ ಎದುರಾದ ಮೈ ಸೀಯುತ್ತದೆ. ದೀಪ ಆರಿದ ಬಳಿಕ ಇನ್ನೂ 15ರಿಂದ 20 ನಿಮಿಷ ಕಾಯುವ ತಾಳ್ಮೆಯೊಂದರಿಂದಲೇ ಎಷ್ಟೋ ಮನೆಗಳ ದೂರು ನಿವಾರಣೆಯಾಗುವುದು. ಕೆಳಗಿನ ಹಂತದಲ್ಲಿ ದಪ್ಪ ಕಲ್ಲಿನ ಹಲಗೆಯನ್ನಿಟ್ಟು ಕಾಯಿಸಿದರೆ ಭಟ್ಟಿಯ ಗುಣದ ಒಂದಂಶವು ತಗಡಿನ ಪೆಟ್ಟಿಗೆಗೂ ಬರುತ್ತದೆ. ಆದರೆ ಆ ಹಲಗೆ ಅನಿಲ ಓವನ್ನಿನ ರಂಧ್ರಗಳನ್ನು ಮುಚ್ಚಬಾರದು.

ದೋಹಾದ ಅಡುಗೆಮನೆಗಳಲ್ಲಿ ಬಹುವಾಗಿ ಕಾಣುವುದು ಐದು ಬರ್ನರುಗಳ, 90 ಸೆಂಟಿಮೀಟರ್ ಅಗಲದ ಗ್ಯಾಸ್ ಕುಕ್ಕಿಂಗ್ ರೇಂಜು. ಇದರ ಓವನ್ ವಿಶಾಲವಾದದ್ದು. ಬಿರಿಯಾನಿಯ ದೊಡ್ಡ ತಟ್ಟೆಗೂ ಇಡೀ ಕೋಳಿಗೂ ಹೇಳಿಮಾಡಿಸಿದ್ದು. ಆದರೆ ಆ ವೈಶಾಲ್ಯವೇ ಬಿಸ್ಕತ್ತಿಗೂ ಕೇಕಿಗೂ ತೊಡಕಾಗುತ್ತದೆ. ಬರ್ನರು ತಳದ ತಗಡಿನ ಅಡಿಯಲ್ಲಿದ್ದು, ಅದರಿಂದ ಹೊರಟ ಬಿಸಿ ಅನಿಲವು ತಗಡಿನ ಅಂಚಿನ ಸೀಳುಗಳಿಂದ ಮೇಲೆದ್ದು, ಗೋಡೆಗಳನ್ನು ತಾಕುತ್ತ ಚಾವಣಿಯನ್ನು ಮುಟ್ಟಿ, ಹಿಂಬದಿಯ ಕಿಂಡಿಯಿಂದ ಹೊರಹೋಗುತ್ತದೆ. ತಳದ ತಗಡಂತೂ ಗುಂಡಿ ಸೂಚಿಸುವ ಉಷ್ಣತೆಗಿಂತ ಬಹಳ ಹೆಚ್ಚು ಕಾದು ಮೇಲ್ಮುಖವಾಗಿ ವಿಕಿರಣವನ್ನು ಹಾಯಿಸುತ್ತದೆ. ಪರಿಣಾಮವಾಗಿ ತಳ ಹಿಡಿಯುವುದು, ಮೇಲ್ಮೈ ಬಿಳಿಚಿಕೊಳ್ಳುವುದು, ಬರ್ನರಿನಿಂದ ದೂರವಾದ ಮೂಲೆಗಳಲ್ಲಿಟ್ಟ ಬಿಸ್ಕತ್ತು ಹಿಂದುಳಿಯುವುದು. ಜಾಲರಿಯನ್ನು ಒಂದು ಹಂತ ಮೇಲಕ್ಕೇರಿಸುವುದು, ಕೇಕಿನ ಅಚ್ಚನ್ನು ಇನ್ನೊಂದು ಬರಿಯ ತಟ್ಟೆಯ ಮೇಲಿಟ್ಟು ತಳವನ್ನು ಇಮ್ಮಡಿಗೊಳಿಸುವುದು, ಅವಧಿಯ ಮೂರನೆಯ ಎರಡು ಭಾಗ ಕಳೆದ ಬಳಿಕ ತಟ್ಟೆಯನ್ನು ಹಿಂದು ಮುಂದಾಗಿ ತಿರುಗಿಸುವುದು, ಕೊನೆಯ ಒಂದೆರಡು ನಿಮಿಷ ಮೇಲಿನ ಗ್ರಿಲ್ಲನ್ನು ಹಚ್ಚಿ ಕಣ್ಣಿಟ್ಟು ಕಾಯುವುದು ಇದಕ್ಕೆ ತಕ್ಕ ಉಪಾಯಗಳು.

ಈ ಓವನ್ನುಗಳ ಬಗೆಗೆ ಇನ್ನೊಂದು ಮಾತನ್ನು ವಿಸ್ತರಿಸಿಯೇ ಹೇಳಬೇಕು. ಅನಿಲ ಉರಿದಾಗ ಶಾಖದೊಡನೆ ನೀರಾವಿಯೂ ಹುಟ್ಟುತ್ತದೆ. ಒಂದು ಕಿಲೊಗ್ರಾಂ ಪ್ರೊಪೇನು ಪೂರ್ಣವಾಗಿ ದಹಿಸಿದರೆ ಸುಮಾರು 1.6 ಕಿಲೊಗ್ರಾಂ ನೀರು ಆವಿಯ ರೂಪದಲ್ಲಿ ಹೊರಬರುತ್ತದೆ. ಆದ್ದರಿಂದ ಅನಿಲ ಓವನ್ನಿನ ವಾಯು ಸ್ವಭಾವತಃ ಆರ್ದ್ರ. ಬ್ರೆಡ್ಡಿಗೆ ಈ ಆರ್ದ್ರತೆ ಹಿತಕರ, ಏಕೆಂದರೆ ಹೊರಪದರ ಬೇಗ ಗಟ್ಟಿಯಾಗದೆ ಹಿಟ್ಟು ಚೆನ್ನಾಗಿ ಉಬ್ಬುತ್ತದೆ. ಖಾರಾ ಬಿಸ್ಕತ್ತಿಗಾದರೋ ಇದು ಶತ್ರು. ಫ್ರಾನ್ಸಿನ ಲೂಯಿ ಕಮೀಯ್ ಮೈಯಾರ್ 1912ರಲ್ಲಿ ವರ್ಣಿಸಿದ, ಪ್ರೋಟೀನು ಮತ್ತು ಶರ್ಕರಗಳ ಸಂಯೋಗದಿಂದ ಕಂದುಬಣ್ಣವೂ ಪರಿಮಳವೂ ಹುಟ್ಟುವ ಕ್ರಿಯೆಯು ಮೇಲ್ಮೈ ಒಣಗಿ ಸುಮಾರು 140 ಡಿಗ್ರಿ ದಾಟಿದ ಮೇಲೆಯೇ ವೇಗಗೊಳ್ಳುವುದರಿಂದ, ತೇವವಾದ ಗಾಳಿಯಲ್ಲಿ ಬಿಸ್ಕತ್ತು ಬೆಂದರೂ ಬಣ್ಣ ಬಾರದು, ಬಣ್ಣ ಬಂದರೂ ಗರಿಗರಿಯಾಗದು. ವಿದ್ಯುತ್ ಓವನ್ನಿಗೆ ಬರೆದ ಪಾಕಸೂತ್ರದ ಅವಧಿಯನ್ನು ಇಲ್ಲಿ ಕಣ್ಣುಮುಚ್ಚಿ ಅನುಸರಿಸಿದವರು ನಿರಾಶರಾಗುವುದಕ್ಕೆ ಇದೇ ಕಾರಣ. ಬಿಸ್ಕತ್ತು ಬೆಂದ ಮೇಲೆ ಬೆಂಕಿ ಆರಿಸಿ, ಬಾಗಿಲನ್ನು ಬೆರಳಿನಷ್ಟು ತೆರೆದು, ಉಳಿದ ಕಾವಿನಲ್ಲಿಯೇ ಅದನ್ನು ಆರಗೊಡುವುದು ಒಳ್ಳೆಯದು. ಅನಿಲ ಬರುವ ಬಗೆಯನ್ನೂ ಗಮನಿಸಬೇಕು. ವುಕೂದ್ ಸಂಸ್ಥೆ ವಿತರಿಸುವ ‘ಶಫಾಫ್’ ಸಿಲಿಂಡರು ಅರೆಪಾರದರ್ಶಕವಾಗಿರುವುದರಿಂದ ಒಳಗಿನ ದ್ರವದ ಮಟ್ಟ ಹೊರಗಿನಿಂದಲೇ ಕಾಣುತ್ತದೆ; ಒಂದೂವರೆ ಗಂಟೆ ಬೇಯುವ ಪ್ಲಮ್ ಕೇಕನ್ನು ಒಳಗಿಡುವ ಮುನ್ನ ಅದನ್ನು ನೋಡಿಕೊಂಡರೆ, ನಡುವೆ ಜ್ವಾಲೆ ಕುಗ್ಗಿ ಕೇಕು ಕುಸಿಯುವ ದುರವಸ್ಥೆ ತಪ್ಪುತ್ತದೆ. ಸಿಲಿಂಡರಿನ ಅನಿಲಕ್ಕೆ ಸಣ್ಣ ರಂಧ್ರದ ಜೆಟ್ಟು, ಕೊಳವೆಯ ನೈಸರ್ಗಿಕ ಅನಿಲಕ್ಕೆ ದೊಡ್ಡ ರಂಧ್ರದ ಜೆಟ್ಟು ಬೇಕು. ಮನೆ ಬದಲಾಯಿಸುವಾಗ ಒಲೆಯನ್ನು ಒಯ್ದು ಜೆಟ್ಟನ್ನು ಬದಲಿಸದೆ ಜೋಡಿಸಿದರೆ ಬೆಂಕಿ ಅತಿಯಾಗುವುದು ಅಥವಾ ಕ್ಷೀಣವಾಗುವುದು ನಿಶ್ಚಯ. ಹಳದಿಯಾಗಿ ನಾಲಗೆ ಚಾಚುವ, ಮಸಿ ಹಿಡಿಸುವ ಜ್ವಾಲೆ ಅಪೂರ್ಣ ದಹನದ ಲಕ್ಷಣ. ಅಂಥ ಒಲೆಯಿಂದ ಕಾರ್ಬನ್ ಮಾನಾಕ್ಸೈಡೆಂಬ ವಿಷಾನಿಲ ಹುಟ್ಟುವ ಅಪಾಯವಿರುವುದರಿಂದ, ತಜ್ಞರಿಂದ ಸರಿಪಡಿಸಿಕೊಳ್ಳುವವರೆಗೆ ಅದರಲ್ಲಿ ಬೇಯಿಸಕೂಡದು.

ವಿದ್ಯುತ್ ಓವನ್ನುಗಳಲ್ಲಿ ಮೇಲೆ ಕೆಳಗೆ ಎರಡು ತಂತಿಗಳಿರುವ ಸಾಧಾರಣ ಬಗೆ, ಹಿಂಬದಿಯ ಫ್ಯಾನಿನ ಸುತ್ತ ಮೂರನೆಯ ತಂತಿಯಿರುವ ಬಗೆ, ಊರಿನಿಂದ ತಂದ ಪುಟ್ಟ ಓ. ಟಿ. ಜಿ. (ಓವನ್ ಟೋಸ್ಟರ್ ಗ್ರಿಲ್ಲರ್), ಕನ್ವೆಕ್ಷನ್ ಸೌಕರ್ಯವುಳ್ಳ ಮೈಕ್ರೊವೇವು, ಹೀಗೆ ನಾಲ್ಕು ವಿಧಗಳು ಬಳಕೆಯಲ್ಲಿವೆ. ಫ್ಯಾನು ಗಾಳಿಯನ್ನು ಸುತ್ತಿಸಿ ವೈಷಮ್ಯವನ್ನು ತಗ್ಗಿಸುತ್ತದೆ. ಆದರೆ ಶಾಖ ಒಳಸೇರುವ ವೇಗ ಹೆಚ್ಚುವುದರಿಂದ ಸೂತ್ರದಲ್ಲಿ ಹೇಳಿದ ಉಷ್ಣತೆಗಿಂತ 20 ಡಿಗ್ರಿ ಕಡಿಮೆ ಇಡುವುದು ವಾಡಿಕೆ. ಓ. ಟಿ. ಜಿ.ಯ ದೋಷ ಅದರ ಗಾತ್ರದಲ್ಲಿದೆ: ತಂತಿಗೂ ಕೇಕಿನ ನೆತ್ತಿಗೂ ನಡುವೆ ಕೆಲವೇ ಅಂಗುಲಗಳ ಅಂತರವಿರುವುದರಿಂದ ನೆತ್ತಿ ಕಪ್ಪಾಗಿ ಒಳಗು ಹಸಿಯಾಗಿರುತ್ತದೆ, ಬಣ್ಣ ಬಂದ ಮೇಲೆ ಅಲ್ಯುಮಿನಿಯಂ ಹಾಳೆಯನ್ನು ಸಡಿಲವಾಗಿ ಹೊದಿಸುವುದೇ ಇದಕ್ಕೆ ದಾರಿ. ಭಾರತದ ವಿದ್ಯುತ್ತು 230 ವೋಲ್ಟಿನದು, ಕತಾರಿನಲ್ಲಿ ಕಹ್ರಮಾ ಸಂಸ್ಥೆ ಒದಗಿಸುವುದು 240 ವೋಲ್ಟಿನದು. ತಂತಿಯ ಶಾಖವು ವೋಲ್ಟಿನ ವರ್ಗಕ್ಕನುಸಾರವಾಗಿ ಹೆಚ್ಚುವುದರಿಂದ ಊರಿನಲ್ಲಿ 2,000 ವ್ಯಾಟಿನದಾಗಿದ್ದ ಓವನ್ ಅಲ್ಲಿ ಸುಮಾರು 2,180 ವ್ಯಾಟಿನದಾಗುತ್ತದೆ. ಥರ್ಮೋಸ್ಟಾಟು ಸರಾಸರಿಯನ್ನು ಕಾಪಾಡಿದರೂ ತಂತಿ ಉರಿಯುವಷ್ಟು ಹೊತ್ತು ಇನ್ನಷ್ಟು ಕೆಂಪಾಗಿಯೇ ಉರಿಯುವುದರಿಂದ, ಹಳೆಯ ಓ. ಟಿ. ಜಿ. ದೋಹಾಕ್ಕೆ ಬಂದ ಮೇಲೆ ಮೇಲ್ಮೈ ಬೇಗ ಕಂದುತ್ತದೆಂಬ ದೂರು ನಿರಾಧಾರವಲ್ಲ. ಅಲ್ಲಿನ ಸಾಕೆಟ್ಟುಗಳು ಬ್ರಿಟಿಷ್ ಮಾದರಿಯ ಚೌಕ ಪಿನ್ನಿನ 13 ಆಂಪಿಯರಿನವು. ನಮ್ಮ ದಪ್ಪ ದುಂಡು ಪಿನ್ನಿನ ಪ್ಲಗ್ಗನ್ನು ಅಗ್ಗದ ಅಡಾಪ್ಟರಿನ ಮೂಲಕ ಸಿಕ್ಕಿಸುವುದು ಅಪಾಯಕರ, ಪ್ಲಗ್ಗನ್ನೇ ಬದಲಿಸಿಕೊಳ್ಳಬೇಕು.

ಯಾವ ಬಗೆಯ ಓವನ್ನೇ ಆಗಲಿ, ತಿದ್ದುವ ಮೊದಲು ಅಳೆಯತಕ್ಕದ್ದು. ಥರ್ಮೋಸ್ಟಾಟು ಉಷ್ಣತೆಯನ್ನು ಒಂದೇ ಬಿಂದುವಿನಲ್ಲಿ ನಿಲ್ಲಿಸುವುದಿಲ್ಲ. ನಿಗದಿಯಾದ ಅಂಕಿಯ ಮೇಲಕ್ಕೂ ಕೆಳಕ್ಕೂ ಹತ್ತಾರು ಡಿಗ್ರಿ ತೂಗಾಡಲು ಬಿಡುತ್ತದೆ. ಆದ್ದರಿಂದ ಓವನ್ನಿನ ಉಷ್ಣಮಾಪಕವನ್ನು ನಡುಜಾಲರಿಗೆ ತೂಗುಹಾಕಿ, ಅರ್ಧ ಗಂಟೆ ಕಾಯಿಸಿದ ಮೇಲೆ, ಕೆಲವು ಸುತ್ತುಗಳ ಗರಿಷ್ಠ ಕನಿಷ್ಠಗಳನ್ನು ಗುರುತಿಸಿ ಸರಾಸರಿ ತೆಗೆಯಬೇಕು. ಒಂದೇ ಸಲ ಇಣುಕಿ ನೋಡಿ ಓವನ್ ಕೆಟ್ಟಿದೆಯೆಂದು ನಿರ್ಧರಿಸುವುದು ಅನ್ಯಾಯ. ಮಾಪಕವಿಲ್ಲದವರಿಗೆ ಸಕ್ಕರೆಯೇ ಮಾಪಕ: ಶುದ್ಧ ಸಕ್ಕರೆ ಕರಗುವುದು ಸುಮಾರು 186 ಡಿಗ್ರಿಯಲ್ಲಿ. ಒಂದು ಚಮಚ ಸಕ್ಕರೆಯನ್ನು 175ಕ್ಕೆ ಇಟ್ಟ ಓವನ್ನಿನಲ್ಲಿ ಕಾಲು ಗಂಟೆ ಇರಿಸಿದಾಗ ಅದು ಕರಗಿದರೆ ಓವನ್ ಅಂಕಿಗಿಂತ ಬಿಸಿ; 190ಕ್ಕೆ ಏರಿಸಿ ಇನ್ನೂ ಕಾಲು ಗಂಟೆ ಬಿಟ್ಟರೂ ಕರಗದಿದ್ದರೆ ಅಂಕಿಗಿಂತ ತಂಪು. ಶಾಖದ ಹಂಚಿಕೆಯನ್ನು ತಿಳಿಯಲು ಜಾಲರಿಯ ತುಂಬ ಬಿಳಿ ಬ್ರೆಡ್ಡಿನ ಹೋಳುಗಳನ್ನು ಒತ್ತಾಗಿ ಜೋಡಿಸಿ, 175 ಡಿಗ್ರಿಯಲ್ಲಿ ಕೆಲವಕ್ಕೆ ಬಣ್ಣ ಬರುವವರೆಗೆ ಇಟ್ಟು, ತೆಗೆದು, ಕ್ರಮ ಕೆಡದಂತೆ ಮೇಜಿನ ಮೇಲೆ ಹರಡಿ ನೋಡಬೇಕು. ಅಂಕಿಗಳೂ ಇಲ್ಲದೆ ಬರಿಯ ಗರಿಷ್ಠ ಕನಿಷ್ಠದ ಗುರುತುಗಳಿರುವ ಗುಂಡಿಯುಳ್ಳ ರೇಂಜುಗಳಲ್ಲಿ ಈ ಪರೀಕ್ಷೆಗಳು ಉಪಕಾರಕ ಮಾತ್ರವಲ್ಲ, ಅನಿವಾರ್ಯ. ಗುಂಡಿಯ ಯಾವ ನಿಲುವಿಗೆ ಎಷ್ಟು ಡಿಗ್ರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಪಕ್ಕದ ಕಪಾಟಿನೊಳಗೆ ಅಂಟಿಸಿಟ್ಟರೆ ಮುಂದೆ ಆ ಮನೆಗೆ ಬರುವವರಿಗೂ ಅದೇ ಕೈಪಿಡಿ.

ತಟ್ಟೆಯ ದೋಷವನ್ನು ಓವನ್ನಿನ ದೋಷವೆಂದು ತಿಳಿಯುವುದು ಸಾಮಾನ್ಯ. ರೇಂಜಿನೊಡನೆ ಬಂದ ಅಗಲವಾದ ತಟ್ಟೆಯನ್ನು ಗೋಡೆಯಿಂದ ಗೋಡೆಗೆ ತುಂಬಿ ಇಟ್ಟರೆ ಅದು ಹೊಳೆಗೆ ಅಡ್ಡಲಾಗಿ ಕಟ್ಟ ಹಾಕಿದಂತಾಗಿ, ಬಿಸಿ ಗಾಳಿಯೆಲ್ಲ ಅಡಿಯಲ್ಲಿಯೇ ಮಡುಗಟ್ಟುತ್ತದೆ; ಸುತ್ತಲೂ ಕನಿಷ್ಠ 5 ಸೆಂಟಿಮೀಟರ್ ತೆರಪು ಇರಬೇಕು. ಕಪ್ಪು ಲೇಪದ ತಟ್ಟೆ ವಿಕಿರಣವನ್ನು ಹೀರಿ ತಳವನ್ನು ಬೇಗ ಕಂದಿಸುತ್ತದೆ, ಹೊಳೆಯುವ ಅಲ್ಯುಮಿನಿಯಂ ಅದನ್ನು ಹಿಂದಕ್ಕೆಸೆದು ಮಂದವಾಗಿ ಬೇಯಿಸುತ್ತದೆ; ಕಪ್ಪು ತಟ್ಟೆಗೂ ಗಾಜಿನ ಪಾತ್ರೆಗೂ ಸುಮಾರು 15 ಡಿಗ್ರಿ ಇಳಿಸುವುದು ಯೋಗ್ಯ. ಊಟದ ಸ್ಟೀಲ್ ಡಬ್ಬಿಗಳನ್ನೇ ಅಚ್ಚಾಗಿ ಬಳಸುವವರುಂಟು. ಅಲ್ಯುಮಿನಿಯಮ್ಮಿಗೆ ಹೋಲಿಸಿದರೆ ಸ್ಟೇನ್‌ಲೆಸ್ ಉಕ್ಕಿನ ಶಾಖವಹನಶಕ್ತಿ ಹತ್ತರಲ್ಲೊಂದು ಪಾಲೂ ಇಲ್ಲದಿರುವುದರಿಂದ ಬೆಂಕಿ ತಗಲಿದ ಕಡೆ ಸೀದು, ಬೇರೆ ಕಡೆ ಹಸಿಯಾಗಿ ಉಳಿಯುವುದು ಸಹಜ. ಅಂಚು ಮೊದಲು ಗಟ್ಟಿಯಾಗಿ ನಡು ಗೋಪುರದಂತೆ ಬಿರಿಯುವುದನ್ನು ತಡೆಯಲು ಅಚ್ಚಿನ ಸುತ್ತ ಒದ್ದೆ ಹತ್ತಿಬಟ್ಟೆಯ ಪಟ್ಟಿಯನ್ನು ಸುತ್ತುವ ಹಳೆಯ ವಿಧಾನವು ಬರ್ನರು ಬಯಲಾಗಿಲ್ಲದ ಓವನ್ನುಗಳಲ್ಲಿ ಚೆನ್ನಾಗಿ ಸಾಗುತ್ತದೆ. ಕೇಕು ಪ್ರತಿಸಲವೂ ಒಂದೇ ಕಡೆಗೆ ವಾಲುತ್ತಿದ್ದರೆ ಶಾಖವನ್ನು ದೂರದೆ ನೆಲಮಟ್ಟವನ್ನು ನೋಡಬೇಕು. ರೇಂಜಿನ ಕಾಲುಗಳು ತಿರುಚಿ ಎತ್ತರಿಸುವಂಥವೇ ಆಗಿರುತ್ತವೆ.

ಕತಾರಿನ ಬೇಸಗೆಯೇ ಓವನ್ನನ್ನು ಕೆಡಿಸುತ್ತದೆಂಬ ನಂಬಿಕೆ ವ್ಯಾಪಕವಾಗಿದೆಯಾದರೂ ಅದು ಸರಿಯಲ್ಲ. ಹೊರಗೆ 42 ಡಿಗ್ರಿಯಿರಲಿ 22 ಇರಲಿ, ಒಳಗಿನ 180ನ್ನು ಥರ್ಮೋಸ್ಟಾಟು ಕಾಯ್ದುಕೊಳ್ಳುತ್ತದೆ. ಹವೆ ಕೆಡಿಸುವುದು ಹಿಟ್ಟನ್ನು. ಬೆಣ್ಣೆ ಸಕ್ಕರೆಗಳನ್ನು ಕಡೆದು ಗಾಳಿ ತುಂಬಿಸಲು ಬೆಣ್ಣೆ ಸುಮಾರು 20 ಡಿಗ್ರಿಯಲ್ಲಿರಬೇಕು. ಏರ್ ಕಂಡೀಷನರಿಲ್ಲದ ಅಡುಗೆಮನೆಯಲ್ಲಿ ಅದು ಎಣ್ಣೆಯಾಗಿ, ಕೇಕು ಅಡಕವಾಗುತ್ತದೆ, ಬಿಸ್ಕತ್ತು ಹರಡಿಕೊಂಡು ಅದರ ತೆಳ್ಳನೆಯ ಅಂಚು ಸೀದುಹೋಗುತ್ತದೆ. ಆಗಸ್ಟ್ ಸೆಪ್ಟೆಂಬರುಗಳಲ್ಲಿ ಕೊಲ್ಲಿಯ ಕಡೆಯಿಂದ ಬೀಸುವ ಆರ್ದ್ರ ಗಾಳಿಗೆ ತೆರೆದಿಟ್ಟ ಮೈದಾ ತೇವವನ್ನು ಹೀರುತ್ತದೆ. ಬೇಸಗೆಯಲ್ಲಿ ಮಾಳಿಗೆಯ ಮೇಲಿನ ಟ್ಯಾಂಕು ಕಾದು ತಣ್ಣೀರಿನ ನಲ್ಲಿಯಲ್ಲಿಯೇ ಬಿಸಿನೀರು ಬರುವುದು ಅಲ್ಲಿನ ನಿತ್ಯಾನುಭವ. ಹೀಟರನ್ನು ಆರಿಸಿಟ್ಟು ಅದರೊಳಗಿನ ನೀರನ್ನೇ ತಣ್ಣೀರಾಗಿ ಬಳಸುವ ರೂಢಿಯೂ ಇದೆ. ನಲ್ಲಿಯ ಆ ಬಿಸಿನೀರಿನಿಂದ ಕಲಸಿದ ಬ್ರೆಡ್ಡಿನ ಹಿಟ್ಟು ಮಿತಿಮೀರಿದ ವೇಗದಲ್ಲಿ ಹುದುಗಿ, ಓವನ್ನಿಗೆ ಹೋದಾಗ ಏಳಲು ಬಲವಿಲ್ಲದೆ ಕುಸಿಯುತ್ತದೆ. ಬೆಂಗಳೂರಿನ ಸೂತ್ರವನ್ನು ಒಯ್ದವರು ಇನ್ನೊಂದು ಅಂಶವನ್ನು ನೆನೆಯಬೇಕು: ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ದೋಹಾ ಕಡಲಂಚಿನಲ್ಲಿದೆ. ತೆಳುಗಾಳಿಯಲ್ಲಿ ಅನಿಲ ಹೆಚ್ಚು ಹಿಗ್ಗುವುದರಿಂದ ಬೆಂಗಳೂರಿನಲ್ಲಿ ಸಾಕಾಗುತ್ತಿದ್ದ ಬೇಕಿಂಗ್ ಪೌಡರು ದೋಹಾದಲ್ಲಿ ತುಸು ಸಾಲದೆ ಹೋಗಬಹುದು. ಮಂಗಳೂರಿನ ಸೂತ್ರಕ್ಕೆ ಈ ತೊಡಕಿಲ್ಲ.

ಮೊಟ್ಟೆಯಿಲ್ಲದ ಕೇಕು ಓವನ್ನಿನ ದೋಷವನ್ನು ಎಲ್ಲಕ್ಕಿಂತ ಬೇಗ ಬಯಲಿಗೆಳೆಯುತ್ತದೆ. ಮೊಟ್ಟೆಯ ಪ್ರೋಟೀನು ಹೆಪ್ಪುಗಟ್ಟಿ ಕೊಡುವ ಆಧಾರ ಅದಕ್ಕಿಲ್ಲ. ಹಿಟ್ಟಿನ ಪಿಷ್ಟ ಬೆಂದು ಗಟ್ಟಿಯಾಗುವುದನ್ನೇ ಅದು ನಂಬಿಕೊಂಡಿದೆ, ಸಕ್ಕರೆ ಹೆಚ್ಚಿದಷ್ಟೂ ಆ ಕ್ರಿಯೆ ತಡವಾಗುತ್ತದೆ. ಕಂಡೆನ್ಸ್‌ಡ್ ಮಿಲ್ಕಿನಲ್ಲಿ ಹಾಲಿನ ಪ್ರೋಟೀನು ಮತ್ತು ಹಾಲಿನ ಸಕ್ಕರೆ ಒಟ್ಟಾಗಿ ಸಾಂದ್ರವಾಗಿರುವುದರಿಂದ ಹೊರಮೈ ಶೀಘ್ರವಾಗಿ ಕಂದಿ, ಒಳಗು ಬೆಂದಿತೆಂಬ ಭ್ರಮೆಯನ್ನು ಹುಟ್ಟಿಸುತ್ತದೆ. ಇಂಥ ಕೇಕನ್ನು 160 ಡಿಗ್ರಿಯಲ್ಲಿ, ಅಗಲವಾದ ತಗ್ಗು ಅಚ್ಚಿನಲ್ಲಿ, ಹೆಚ್ಚು ಹೊತ್ತು ಬೇಯಿಸಬೇಕು. ಮೊದಲ ಅರ್ಧ ಗಂಟೆ ಬಾಗಿಲನ್ನು ತೆರೆಯಲೇಬಾರದು. ಬಣ್ಣವನ್ನು ನಂಬದೆ ನಡುವಿಗೆ ಕಡ್ಡಿ ಚುಚ್ಚಿ ನೋಡುವುದು, ಮಾಪಕವಿದ್ದರೆ ಒಳಗಿನ ಉಷ್ಣತೆ 96 ಡಿಗ್ರಿಯನ್ನು ಮುಟ್ಟಿತೆ ಎಂದು ಪರೀಕ್ಷಿಸುವುದು ಇಲ್ಲಿ ಅತ್ಯವಶ್ಯ.

ಇಷ್ಟೆಲ್ಲ ಮಾಡಿಯೂ ವೈಷಮ್ಯ ಉಳಿದರೆ ಯಂತ್ರದ ಭಾಗಗಳನ್ನು ಪರಿಶೀಲಿಸಬೇಕು. ಬಾಗಿಲಿನ ಸುತ್ತಣ ಸೀಲು ಹರಿದಿದ್ದರೆ ಆ ಭಾಗದಲ್ಲಿ ಬಿಸಿ ಹೊರಸೋರಿ ಮುಂಬದಿಯ ಸಾಲು ಹಸಿಯಾಗುತ್ತದೆ. ಒಂದು ಕಾಗದದ ಪಟ್ಟಿಯನ್ನು ಬಾಗಿಲಿಗೆ ಸಿಕ್ಕಿಸಿ ಎಳೆದಾಗ ತಡೆಯಿಲ್ಲದೆ ಜಾರಿಬಂದ ಸ್ಥಳವೇ ಸೋರುವ ಸ್ಥಳ. ಎರಡು ತಂತಿಗಳಲ್ಲೊಂದು ಕೆಂಪಾಗದಿದ್ದರೆ ಅದು ತುಂಡಾಗಿರಬಹುದು. ಥರ್ಮೋಸ್ಟಾಟಿನ ಅರಿವು ಅಡಗಿರುವುದು ಒಳಗೋಡೆಗೆ ಕ್ಲಿಪ್ಪುಗಳಿಂದ ಹಿಡಿಸಿದ ಬೆರಳುದ್ದದ ತಾಮ್ರ ಅಥವಾ ಉಕ್ಕಿನ ನಳಿಕೆಯಲ್ಲಿ. ಉಜ್ಜಿ ತೊಳೆಯುವಾಗ ಅದು ಕ್ಲಿಪ್ಪಿನಿಂದ ಕಳಚಿ ಗೋಡೆಗೆ ಒರಗಿದ್ದರೆ ಗಾಳಿಯ ಬದಲು ಗೋಡೆಯ ಉಷ್ಣತೆಯನ್ನು ಅರಿತು ಬೆಂಕಿಯನ್ನು ತಪ್ಪು ಹೊತ್ತಿನಲ್ಲಿ ಆರಿಸುತ್ತದೆ. ಓವನ್ ಪೂರ್ಣವಾಗಿ ತಣಿದ ಮೇಲೆ, ವಿದ್ಯುತ್ತನ್ನೂ ಅನಿಲವನ್ನೂ ಮುಚ್ಚಿ, ನಳಿಕೆಯನ್ನು ಬಾಗಿಸದೆ ಮತ್ತೆ ಕ್ಲಿಪ್ಪಿಗೆ ಕೂರಿಸುವಷ್ಟನ್ನು ಮನೆಯವರೇ ಮಾಡಬಹುದು. ನಳಿಕೆ ಒಡೆದಿದ್ದರೆ ಥರ್ಮೋಸ್ಟಾಟನ್ನು ಇಡಿಯಾಗಿ ಬದಲಿಸಬೇಕಾಗುತ್ತದೆ, ಅದು ಮನೆಯ ಮಾಲೀಕರ ಮೂಲಕ ತಂತ್ರಜ್ಞರಿಂದ ಆಗತಕ್ಕ ಕೆಲಸ.